ಪ್ರಾರ್ಥನೆ ಮಾಡೋಕೂ ಶಕ್ತಿ ಇಲ್ಲ ಅನ್ನಿಸಿದಾಗ ನೀವೆಲ್ಲ ಏನ್ ಮಾಡ್ತೀರಾ?

ಬಾಣಸವಾಡಿ_ಮಗಳು

ಎಲ್ರಿಗೂ ವಂದನೆ. ಇಲ್ಲಿ ಓದ್ತಾ ಇರ್ತೀನಿ, ಬರೆಯೋದು ಕಮ್ಮಿ, ಆದ್ರೆ ಇವತ್ತು ಕೇಳ್ಲೇಬೇಕು ಅನ್ನಿಸ್ತು. ನಮ್ಮಪ್ಪಂಗೆ ಕಿಡ್ನಿ ಫೇಲ್ ಆಗಿ ವಾರಕ್ಕೆ 3 ಸಲ ಡಯಾಲಿಸಿಸ್ ನಡೀತಿದೆ, ಮಂಗಳವಾರ ಗುರುವಾರ ಶನಿವಾರ, ಒಂದೊಂದ್ ಸಲಾನೂ 4 ಗಂಟೆ. ಮೊದಲ್ನೇ ಶಿಫ್ಟ್ ಸಿಕ್ಕಿರೋದ್ರಿಂದ ಇನ್ನೂ ಕತ್ಲೆ ಇರೋವಾಗ್ಲೇ ಎದ್ದು ಅವ್ರನ್ನ ರೆಡಿ ಮಾಡಿ ಆಟೋ ಹತ್ತಿಸ್ಕೊಂಡು ಹೋಗ್ಬೇಕು, ಅವ್ರು ಒಳಗ್ ಹೋದ್ಮೇಲೆ ಆಸ್ಪತ್ರೆ ಕಾರಿಡಾರಲ್ಲೇ ಲ್ಯಾಪ್‌ಟಾಪ್ ತೆಗ್ದು ಆಫೀಸ್ ಕೆಲ್ಸ, ಮಧ್ಯಾಹ್ನ ಮನೆಗ್ ಬಂದ್ರೆ ಅಪ್ಪಂಗೆ ಸುಸ್ತು, ಅಮ್ಮಂಗೆ ಮಂಡಿನೋವು, ಅಡುಗೆ ನಂದೇ, ರಾತ್ರಿ ಮತ್ತೆ ಮೀಟಿಂಗ್. ತಮ್ಮ ಕೆನಡಾದಲ್ಲಿದಾನೆ, ತಪ್ಪದೆ ದುಡ್ಡು ಕಳಿಸ್ತಾನೆ, ಅದಕ್ಕೆ ದೇವರಿಗೆ ಸ್ತೋತ್ರ. ಆದ್ರೆ ಮನೇಲಿ ಅಪ್ಪನ ಕೈ ಹಿಡಿಯೋಕೆ ಇರೋಳು ನಾನೊಬ್ಳೇ.

ಕೆಲ್ಸಕ್ಕಿಂತ ಕಷ್ಟ ಆಗೋದು ನೀರಿನ ವಿಷ್ಯ. ಡಾಕ್ಟ್ರು ದಿನಕ್ಕೆ ಇಷ್ಟೇ ಅಂತ ಅಳತೆ ಕೊಟ್ಟಿದಾರೆ. ರಾತ್ರಿ ಅಪ್ಪ ಬಾಯಿ ಒಣಗತ್ತಮ್ಮ ಒಂದ್ ಗುಟುಕು ಕೊಡು ಅಂತಾರೆ, ಬೇಡಪ್ಪ ಅನ್ನೋದು ನಾನೇ. ಆಮೇಲೆ ಅಡುಗೆಮನೇಲಿ ನಿಂತ್ಕೊಂಡು ನಾನು ನೀರು ಕುಡಿಯೋಕೂ ಆಗಲ್ಲ.

ಚರ್ಚಲ್ಲಿ ಕ್ವಾಯರಲ್ಲಿದೀನಿ. ಹಾಡ್ತೀನಿ, ಬಾಯಿ ಹಾಡತ್ತೆ, ಒಳಗೆ ಏನೂ ಇಲ್ಲ. ಮೊಣಕಾಲೂರಿದ್ರೆ ಹಂಗೇ ನಿದ್ದೆ ಬಂದ್ಬಿಡತ್ತೆ ಇಲ್ಲಾಂದ್ರೆ ಅಳು ಬರತ್ತೆ, ಎರಡೂ ಬರ್ದಿದ್ರೆ ಸುಮ್ನೆ ಗೋಡೆ ನೋಡ್ತೀನಿ. ಇದನ್ನ ನಂಬಿಕೆ ಇರೋ ಒಬ್ರ ಹತ್ರ ಹೇಳ್ಕೊಂಡ್ರೆ ನಿನ್ನ ವಿಶ್ವಾಸ ಸಾಲ್ದು, ಅದಕ್ಕೇ ಸಮಾಧಾನ ಇಲ್ಲ ಅಂದ್ರು. ಅವತ್ತಿಂದ ಇನ್ನೂ ಭಾರ ಆಗಿದೆ. ಕೆಲವು ದಿನ ಬೆಳಿಗ್ಗೆ ಕಣ್ಣೇ ಬಿಡಬಾರ್ದಿತ್ತು ಅನ್ಸತ್ತೆ.

ವಾಕ್ಯ ಕಳಿಸ್ಬೇಡಿ ಅಂತ ಹೇಳ್ತಿಲ್ಲ, ಕಳಿಸಿ. ಆದ್ರೆ ಆ ವಾಕ್ಯ ನಿಮ್ಮನ್ನ ಹೆಂಗೆ ಎತ್ತಿ ನಿಲ್ಲಿಸ್ತು ಅನ್ನೋದನ್ನೂ ಬರೀರಿ. ಅದು ಬೇಕು ನಂಗೆ.

ಕರ್ತನ_ಸೇವೆಯಲ್ಲಿ

ಪ್ರೈಸ್ ದ ಲಾರ್ಡ್ ಸಿಸ್ಟರ್. ಇದು ಆತ್ಮಿಕ ಹೋರಾಟ, ಸೈತಾನ ನಿಮ್ಮ ಪ್ರಾರ್ಥನಾ ಜೀವಿತ ಕದಿಯೋಕೆ ನೋಡ್ತಿದಾನೆ. 3 ದಿನ ಉಪವಾಸ ಪ್ರಾರ್ಥನೆ ತಗೊಳ್ಳಿ, ಬೆಳಗಿನ ಜಾವ 4ಕ್ಕೆ ಎದ್ದು ಕರ್ತನ ಸನ್ನಿಧಿಲಿ ಕೂತ್ಕೊಳ್ಳಿ, ಖಂಡಿತ ಬಿಡುಗಡೆ ಇದೆ. ಫಿಲಿಪ್ಪಿ 4:13, ನನ್ನನ್ನ ಬಲಪಡಿಸೋ ಆತನಲ್ಲಿ ಎಲ್ಲಾ ಮಾಡಬಲ್ಲೆ ಅನ್ನೋ ವಾಕ್ಯ, ಬಾಯಲ್ಲಿ ಅರಿಕೆ ಮಾಡ್ತಾ ಇರಿ.

ನೈಟ್‌ಡ್ಯೂಟಿ_ಸಿಸ್ಟರ್

ಬ್ರದರ್ ನಿಮ್ಮ ಕಾಳಜಿ ಅರ್ಥ ಆಗತ್ತೆ, ಆದ್ರೆ ಅವ್ರು ಆಗ್ಲೇ ಕತ್ಲಲ್ಲಿ ಎದ್ದು ಓಡ್ತಿದಾರೆ, ನಿದ್ದೆ ಇಲ್ಲ, ಊಟ ಸರಿಯಾಗಿ ಮಾಡ್ತಿದಾರೋ ಇಲ್ವೋ. ಇಂಥವ್ರಿಗೆ ಇನ್ನೂ ಬೇಗ ಏಳಿ, ಊಟ ಬಿಡಿ ಅಂತ ಹೇಳ್ಬೇಡಿ ದಯವಿಟ್ಟು. ಅಕ್ಕ ತಲೆ ಸುತ್ತಿ ಬಿದ್ರೆ ಅಪ್ಪನ್ನ ಯಾರು ಕರ್ಕೊಂಡ್ ಹೋಗ್ತಾರೆ?

ಅಕ್ಕ, ನಾನು ನರ್ಸ್, ಹೆಬ್ಬಾಳದ ಕಡೆ ಇರೋದು. ನೀವು ಕೊನೇಲಿ ಬರ್ದಿದ್ದು ಓದಿ ನೇರವಾಗೇ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಕಣ್ಣು ಬಿಡಬಾರ್ದಿತ್ತು ಅನ್ನೋದು ಬರೀ ಸುಸ್ತಾಗಿ ಬರೋ ಮಾತಾ, ಇಲ್ಲ ಜೀವಕ್ಕೆ ಏನಾದ್ರೂ ಮಾಡ್ಕೋಬೇಕು ಅಂತ ಅನ್ನಿಸ್ತಿದ್ಯಾ? ಎರಡ್ನೇದಾದ್ರೆ ಇವತ್ತೇ ಯಾರಿಗಾದ್ರೂ ಹೇಳಿ, ಒಬ್ರೇ ಇರ್ಬೇಡಿ. 14416 ಟೆಲಿ ಮಾನಸ್ ನಂಬರ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ರಾತ್ರಿ ಯಾವಾಗ ಮಾಡಿದ್ರೂ ಎತ್ತುತಾರೆ, ಕನ್ನಡದಲ್ಲೇ ಮಾತಾಡ್ತಾರೆ. 2022ರಲ್ಲಿ ಶುರುವಾಗಿದ್ದು, ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ.

ಇನ್ನೊಂದು. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗೇ ಇದ್ರೆ, ಇಷ್ಟ ಇದ್ದಿದ್ದು ಯಾವ್ದೂ ಇಷ್ಟ ಆಗ್ದಿದ್ರೆ, ನಿದ್ದೆ ಊಟ ಕೆಟ್ಟಿದ್ರೆ, ಡಾಕ್ಟ್ರನ್ನ ನೋಡ್ಲೇಬೇಕು, ಅದು ವಿಶ್ವಾಸದ ಪರೀಕ್ಷೆ ಅಲ್ಲ. ಅಪ್ಪನ ಕಿಡ್ನಿಗೆ ಮಷೀನ್ ಬೇಕು ಅಂದಾಗ ಯಾರೂ ನಿಮ್ಮ ವಿಶ್ವಾಸ ಪ್ರಶ್ನೆ ಮಾಡ್ಲಿಲ್ಲ ಅಲ್ವಾ. ಮನಸ್ಸಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ಬಾಣಸವಾಡಿ_ಮಗಳು

ಸಿಸ್ಟರ್ ಥ್ಯಾಂಕ್ಸ್, ಕೇಳಿದ್ದಕ್ಕೆ. ಮಾಡ್ಕೋಬೇಕು ಅಂತ ಇಲ್ಲ, ಎಲ್ಲಾ ನಿಂತ್ಬಿಟ್ರೆ ಸಾಕು ಅಂತ ಇದೆ. ನಂಬರ್ ಸೇವ್ ಮಾಡ್ಕೊಂಡೆ. ನಿದ್ದೆ ಕೆಟ್ಟು ತುಂಬಾ ದಿನ ಆಗಿದೆ, ಅದನ್ನ ಡಾಕ್ಟ್ರಿಗೆ ಹೇಳ್ಬೇಕು ಅಂತ ನಂಗೆ ಹೊಳೆದೇ ಇರ್ಲಿಲ್ಲ.

ನಿವೃತ್ತ_ಮೇಷ್ಟ್ರು

ಮಗಳೇ, ನಿನ್ನ ಪತ್ರ ಎರಡು ಸಲ ಓದಿದೆ. ನಂಗೆ ಎಪ್ಪತ್ತು ದಾಟಿದೆ, ಹೆಂಡ್ತಿ ತೀರ್ಕೊಂಡ ಮೇಲೆ ನಂಗೂ ಇದೇ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲ್ನೇ ಅರಸುಗಳು 19ನೇ ಅಧ್ಯಾಯ ತೆಗಿ. ಅದರ ಹಿಂದಿನ ಅಧ್ಯಾಯದಲ್ಲಿ ಎಲೀಯ ಅನ್ನೋ ಪ್ರವಾದಿ ಕರ್ಮೆಲ್ ಬೆಟ್ಟದ ಮೇಲೆ ಬಾಳ ಅನ್ನೋ ದೇವತೆಯ 450 ಜನ ಪ್ರವಾದಿಗಳ ಎದುರು ಒಬ್ನೇ ನಿಂತು ಆಕಾಶದಿಂದ ಬೆಂಕಿ ಬರೋದನ್ನ ಕಣ್ಣಾರೆ ನೋಡಿದಾನೆ. ಅಂಥವ್ನು ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿ ಹೋಗ್ತಾನೆ, ಬೇರ್ಷೆಬದಲ್ಲಿ ತನ್ನ ಆಳನ್ನೂ ಬಿಟ್ಟು ಒಬ್ನೇ ಕಾಡಿಗೆ ಒಂದು ದಿನದ ದಾರಿ ನಡೀತಾನೆ, ಗಿಡದ ಕೆಳಗೆ ಕೂತು ಸಾಕು ಕರ್ತನೇ ನನ್ನ ಪ್ರಾಣ ತಗೋ ಅಂತಾನೆ. ನಿನ್ನ ಮಾತೇ ಅಲ್ವಾ ಇದು? ಈಗ ದೇವರು ಏನ್ ಮಾಡಿದ ನೋಡು. ಬೈಲಿಲ್ಲ. ನಿನ್ನೆ ತಾನೇ ಬೆಂಕಿ ನೋಡ್ದೆ, ನಂಬಿಕೆ ಎಲ್ಲಿ ಹೋಯ್ತು ಅಂತ ಕೇಳ್ಲಿಲ್ಲ. ಮಲಗೋಕೆ ಬಿಟ್ಟ. ದೂತ ಬಂದು ಮುಟ್ಟಿ ಎಬ್ಬಿಸಿ ಎದ್ದು ತಿನ್ನು ಅಂದ, ತಲೆ ಹತ್ರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡ್ದ, ಮತ್ತೆ ಮಲಗಿದ. ಮತ್ತೆ ಮಲಗಿದ್ದಕ್ಕೂ ಬೈಲಿಲ್ಲಮ್ಮ! ಎರಡ್ನೇ ಸಲ ಎಬ್ಬಿಸಿ ತಿನ್ನು, ದಾರಿ ನಿನ್ನ ಶಕ್ತಿ ಮೀರಿದ್ದು ಅಂದ. ದಾರಿ ದೊಡ್ಡದು ಅಂತ ದೇವರೇ ಒಪ್ಕೊಂಡ ಹಾಗಾಯ್ತು. ಅದಾದ್ಮೇಲೇ 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋಗಿದ್ದು, ಅಲ್ಲಿ ಮೆಲ್ಲಗಿನ ಸ್ವರ ಕೇಳಿದ್ದು. ನಮ್ಮ ಪ್ರಸಂಗಗಳಲ್ಲಿ ಎಲ್ರೂ ಆ ಸ್ವರಕ್ಕೆ ಹಾರಿಬಿಡ್ತಾರೆ, ರೊಟ್ಟಿ ನೀರು ನಿದ್ದೆ ಯಾರೂ ಹೇಳಲ್ಲ. ಸ್ವರ ಕೇಳೋ ತ್ರಾಣ ಬರೋಕೆ ಮೊದಲು ಊಟ ಆಗ್ಬೇಕಿತ್ತು.

ನಾನು ಹೋಗೋದು ಹಡ್ಸನ್ ಚರ್ಚಿಗೆ, ಕಾರ್ಪೊರೇಷನ್ ಹತ್ರ. ಅವಳು ಹೋದ ವರ್ಷ ಒಂದು ಹಾಡೂ ನನ್ನ ಬಾಯಿಂದ ಬರ್ತಿರ್ಲಿಲ್ಲ. ಹಿಂದಿನ ಸಾಲಲ್ಲಿ ಕೂತ್ಕೊಂಡು ಬೇರೆಯವ್ರು ಹಾಡೋದು ಕೇಳ್ತಿದ್ದೆ. 1904ರಲ್ಲಿ ಕಟ್ಟಿದ ಕಟ್ಟಡ ಅದು, ಅವತ್ತಿಂದ ಎಷ್ಟು ಜನ ಹಾಡೋಕಾಗ್ದೆ ಅಲ್ಲಿ ಕೂತಿದ್ರೋ, ಅವ್ರ ಪಾಲಿನ ಹಾಡನ್ನ ಪಕ್ಕದವ್ರು ಹಾಡಿದಾರೆ. ನೀನು ಒಂದಷ್ಟು ದಿನ ಕ್ವಾಯರ್ ಬಿಟ್ಟು ಸುಮ್ನೆ ಕೂತ್ಕೋ ತಾಯಿ. ಯಾರೂ ಏನೂ ಅನ್ಕೊಳ್ಳಲ್ಲ, ಅಂದ್ರೂ ಅನ್ಲಿ.

ಹೆಣ್ಣೂರು_ಹುಡುಗ

ಮೇಷ್ಟ್ರೇ ನೀವು ಬರ್ದಿದ್ದು ಓದಿ ಕಣ್ಣಲ್ಲಿ ನೀರು ಬಂತು.

ಅಕ್ಕ, ನಂದು ನಿಮ್ಮಷ್ಟು ದೊಡ್ಡ ಕಷ್ಟ ಅಲ್ಲ. ಹೋದ ವರ್ಷ ಕೆಲ್ಸ ಹೋಯ್ತು, ಹೋಮ್ ಲೋನ್ ಇತ್ತು, ಮಗು ಚಿಕ್ಕದು, ದಿನಾ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಆಫೀಸಿಗೆ ಹೋಗೋ ಥರ ಹೊರಗೆ ಹೋಗಿ ಪಾರ್ಕಲ್ಲಿ ಕೂತಿರ್ತಿದ್ದೆ. ಸಭೇಲಿ ಎಲ್ರೂ ಬಾಗಿಲು ತೆರೆಯತ್ತೆ ಬ್ರದರ್ ಅಂತಿದ್ರು, ಒಳ್ಳೆ ಮನಸ್ಸಿಂದಾನೇ ಅಂದಿದ್ದು, ಆದ್ರೆ ಕೇಳ್ತಾ ಕೇಳ್ತಾ ಉಸಿರುಗಟ್ಟೋದು. ಆಗ ನಂಗೆ ಕೀರ್ತನೆ 88 ಸಿಕ್ತು. ದಯವಿಟ್ಟು ಓದಿ. ಬೇರೆ ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೇಲಿ ಆದರೂ ನಿನ್ನ ನಂಬ್ತೀನಿ ಅಂತ ತಿರುಗತ್ವೆ, 13 ಹಂಗೆ, 42 ಹಂಗೆ. 88 ತಿರುಗೋದೇ ಇಲ್ಲ. ನನ್ನ ಸ್ನೇಹಿತರನ್ನ ದೂರ ಮಾಡ್ದೆ ಅಂತ ಹೇಳಿ ಕತ್ತಲೇಲೇ ಮುಗ್ದೋಗತ್ತೆ. ಅದನ್ನ ಸತ್ಯವೇದದಿಂದ ಯಾರೂ ಕಿತ್ತಾಕ್ಲಿಲ್ಲ, ಕೊನೆಗೆ ಒಂದ್ ಒಳ್ಳೆ ಸಾಲು ಸೇರಿಸೋಣ ಅಂತ್ಲೂ ಯಾರಿಗೂ ಅನ್ನಿಸ್ಲಿಲ್ಲ. 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟು ಇಂಥ ಅಳಲೇ ಇದೆ, ನಮ್ಮ ಆರಾಧನೇಲಿ ಮಾತ್ರ ಬರೀ ಕುಣಿಯೋ ಹಾಡು.

ಆ ಮನುಷ್ಯ ಅಷ್ಟೆಲ್ಲ ದೂರು ಹೇಳಿದ್ದು ಯಾರಿಗೆ, ದೇವರಿಗೇ ತಾನೇ. ಮೊದಲ್ನೇ ಸಾಲಲ್ಲೇ ನನ್ನ ರಕ್ಷಣೆಯ ದೇವರೇ ಅಂತ ಕರೀತಾನೆ, ಹಗಲೂ ರಾತ್ರಿ ನಿಂಗೇ ಮೊರೆ ಇಡ್ತಿದೀನಿ ಅಂತಾನೆ. ನೀವು ಗೋಡೆ ನೋಡ್ತಾ ಕೂತಿದ್ದೂ ಆತನ ಮುಂದೇನೇ ಕೂತಿದ್ದು ಅಕ್ಕ, ಅದೂ ಪ್ರಾರ್ಥನೇನೇ ಅಂತ ನಂಗೆ ಪೂರ್ತಿ ನಂಬಿಕೆ ಇದೆ.

ವಿವೇಕನಗರದ_ಆಂಟಿ

ನಾನು ಕ್ಯಾಥೊಲಿಕ್, ಆದ್ರೂ ಬರೀಬಹುದು ಅನ್ಕೊಂಡು ಬರೀತಿದೀನಿ. ಮಗ ಆಸ್ಪತ್ರೇಲಿ ಇದ್ದಾಗ ನಂಗೂ ಸ್ವಂತ ಮಾತಲ್ಲಿ ಪ್ರಾರ್ಥನೆ ಬರ್ತಿರ್ಲಿಲ್ಲ ಕಣಮ್ಮ. ಜಪಸರ ಹಿಡ್ಕೊಂಡು ನಮೋ ಮರಿಯ ಅಂತ ಒಂದೊಂದೇ ಮಣಿ ತಳ್ತಿದ್ದೆ, ಅರ್ಥ ತಲೆಗೆ ಹೋಗ್ತಿರ್ಲಿಲ್ಲ, ಬೆರಳು ಮಾತ್ರ ನಡೀತಿತ್ತು. ನೂರಾರು ವರ್ಷದಿಂದ ಜನ ಹೇಳ್ಕೊಂಡು ಬಂದಿರೋ ಮಾತು ಅದು, ನಂದು ಅಂತ ಏನೂ ಹುಡುಕ್ಬೇಕಾಗಿರ್ಲಿಲ್ಲ. ನಿಮ್ಮಲ್ಲೂ ಕರ್ತನ ಪ್ರಾರ್ಥನೆ ಇದೆಯಲ್ಲ, ಅದೊಂದೇ ಹೇಳು ಸಾಕು, ಅರ್ಧಕ್ಕೆ ನಿದ್ದೆ ಬಂದ್ರೂ ಪರ್ವಾಗಿಲ್ಲ.

ಗುರುವಾರ ನಮ್ಮ ಬಾಲಯೇಸು ದೇವಾಲಯಕ್ಕೆ ಬಂದು ನೋಡು. ಬೆಳಗಿಂದ ರಾತ್ರಿವರೆಗೂ ಜನ, ಹಿಂದೂಗಳೂ ಬರ್ತಾರೆ ಮುಸ್ಲಿಮರೂ ಬರ್ತಾರೆ, ಮೋಂಬತ್ತಿ ಹಿಡ್ಕೊಂಡು ಕ್ಯೂನಲ್ಲಿ ನಿಂತಿರೋರ ಮುಖ ನೋಡಿದ್ರೆ ಗೊತ್ತಾಗತ್ತೆ, ಸುಸ್ತಾಗಿರೋದು ನೀನೊಬ್ಳೇ ಅಲ್ಲ. ಶಿವಾಜಿನಗರದ ಮರಿಯಮ್ಮನ ಹಬ್ಬಕ್ಕೂ ಹಂಗೇ, ಆಗಸ್ಟ್ 29ಕ್ಕೆ ಧ್ವಜ ಏರಿಸಿದ್ರೆ ಸೆಪ್ಟೆಂಬರ್ 8ರವರೆಗೆ ಎಷ್ಟು ಭಾರ ಹೊತ್ಕೊಂಡು ಬರ್ತಾರೋ ಜನ.

ಮತ್ತೆ ನಿಂಗೆ ವಿಶ್ವಾಸ ಸಾಲ್ದು ಅಂದೋರಿಗೆ ಮದರ್ ತೆರೇಸಾ ವಿಷ್ಯ ಹೇಳು. ಅವ್ರು 1997ರಲ್ಲಿ ತೀರ್ಕೊಂಡ್ರು, ಅವ್ರು ಗುರುಗಳಿಗೆ ಬರ್ದಿದ್ದ ಪತ್ರಗಳು 2007ರಲ್ಲಿ ಹೊರಗ್ ಬಂದ್ವು. ಕೊಲ್ಕತ್ತಾದ ಬೀದೀಲಿ ಸಾಯೋರನ್ನ ಎತ್ಕೊಂಡ ಆ ತಾಯಿಗೆ ಎಷ್ಟೋ ದಶಕ ಪ್ರಾರ್ಥನೇಲಿ ದೇವರ ಅನುಭವಾನೇ ಆಗ್ತಿರ್ಲಿಲ್ವಂತೆ, ಒಳಗೆ ಬರೀ ಕತ್ಲೆ ಅಂತ ಅವ್ರೇ ಬರ್ಕೊಂಡಿದಾರೆ. ಹಂಗಿದ್ದೂ ದಿನಾ ಎದ್ದು ಕೆಲ್ಸಕ್ಕೆ ಹೋದ್ರು. 2016ರಲ್ಲಿ ಸಂತ ಪದವಿ ಕೊಟ್ರು.

ಮಿಲ್ಲರ್ಸ್‌ರೋಡ್_ವಿದ್ಯಾರ್ಥಿ

ಅಕ್ಕಾ, ವಿಶ್ವಾಸ ಸಾಲ್ದು ಅಂದಿದ್ದು ನಂಗೆ ತುಂಬಾ ನೋವಾಯ್ತು, ಅದಕ್ಕೊಂದೇ ಉತ್ತರ ಬರೀತೀನಿ.

ಮಾರ್ಕ 2ನೇ ಅಧ್ಯಾಯ. ಕಪೆರ್ನೌಮಲ್ಲಿ ಒಬ್ಬ ಪಾರ್ಶ್ವವಾಯು ರೋಗಿ, ಅವ್ನನ್ನ 4 ಜನ ಹಾಸಿಗೆ ಸಮೇತ ಹೊತ್ಕೊಂಡ್ ಬರ್ತಾರೆ, ಬಾಗ್ಲಲ್ಲಿ ಜನ ತುಂಬಿರತ್ತೆ, ಛಾವಣಿ ಬಿಚ್ಚಿ ಕೆಳಗೆ ಇಳಿಸ್ತಾರೆ. 5ನೇ ವಚನದಲ್ಲಿ ಯೇಸು ಅವರ ನಂಬಿಕೆ ನೋಡಿ ಆ ರೋಗಿ ಹತ್ರ ಮಾತಾಡಿದ ಅಂತ ಇದೆ. ಹೊತ್ಕೊಂಡ್ ಬಂದೋರ ನಂಬಿಕೆ. ಅಲ್ಲಿವರೆಗೂ ಮಲಗಿದ್ದವ್ನು ಒಂದು ಮಾತೂ ಆಡಿಲ್ಲ, ಅವ್ನಿಗೆ ಎಷ್ಟು ವಿಶ್ವಾಸ ಇತ್ತು ಅಂತ ಯಾರೂ ಅಳತೆ ಮಾಡ್ಲಿಲ್ಲ. ನಮ್ಮ ಸಭೆಗಳಲ್ಲಿ ವಿಶ್ವಾಸ ಅಂದ್ರೆ ಒಬ್ಬೊಬ್ರೂ ಒಳಗೊಳಗೇ ಗಟ್ಟಿ ಮಾಡ್ಕೋಬೇಕಾದ್ದು ಅನ್ನೋ ಥರ ಆಗೋಗಿದೆ. ಮೋಶೆಯಂಥ ಮೋಶೆಗೇ ಯುದ್ಧ ನಡೀವಾಗ ಎತ್ತಿ ಹಿಡಿದಿದ್ದ ಕೈ ಸೋತು ಕೆಳಗೆ ಬಂದಾಗ ಕೂರೋಕೆ ಕಲ್ಲು ಹಾಕಿ, ಆರೋನ ಹೂರ ಆ ಕಡೆ ಈ ಕಡೆ ನಿಂತು ಸೂರ್ಯ ಮುಳುಗೋವರೆಗೂ ಕೈ ಹಿಡ್ಕೊಂಡಿದ್ರು. ಇನ್ನೊಂದು ಕಡೆ, ಸತ್ಯವೇದದ ಅರಣ್ಯಕಾಂಡ 11ರಲ್ಲಿ, ಅದೇ ಮೋಶೆ ಈ ಜನರ ಭಾರ ಒಬ್ನೇ ಹೊರೋಕಾಗಲ್ಲ, ಹಿಂಗೇ ಮಾಡೋದಾದ್ರೆ ನನ್ನ ಕೊಂದ್ಬಿಡು ಅಂತಾನೆ. ದೇವರು 70 ಜನ ಹಿರಿಯರನ್ನ ಕರ್ಕೊಂಡ್ ಬಾ, ಅವ್ರೂ ನಿನ್ ಜೊತೆ ಹೊರ್ಲಿ ಅಂತಾನೆ. ಮೇಷ್ಟ್ರು ಹೇಳಿದ ಎಲೀಯನಿಗೂ ಕೊನೆಗೆ ಎಲೀಷ ಅನ್ನೋ ಶಿಷ್ಯ ಜೊತೆಗ್ ಬಂದ. ಇಬ್ರೂ ಸಾವು ಕೇಳಿದ್ರು, ಇಬ್ರಿಗೂ ಸಿಕ್ಕಿದ್ದು ಜೊತೆಗೆ ಹೊರೋ ಜನ.

ಹಂಗಾಗಿ ನನ್ನ ಪ್ರಶ್ನೆ ನಿಮ್ಗಲ್ಲ, ನಿಮ್ಮ ಸಭೆಗೆ. ಕ್ವಾಯರಲ್ಲಿ ಇಷ್ಟು ಜನ ಇದಾರೆ, ಸ್ತ್ರೀಯರ ಸಂಘ ಇದೆ, ಯೌವನಸ್ಥರು ಇದಾರೆ, ಮಂಗಳವಾರ ಗುರುವಾರ ಶನಿವಾರದಲ್ಲಿ ಒಂದು ದಿನಾನಾದ್ರೂ ಅಂಕಲ್ ಜೊತೆ ಹೋಗೋಕೆ ಯಾರೂ ಇಲ್ವಾ? ಅವ್ರಿಗೆ ಗೊತ್ತಾದ್ರೂ ಇದ್ಯಾ?

ಬಾಣಸವಾಡಿ_ಮಗಳು

ಗೊತ್ತಿದೆ. ಬರ್ತಾರೆ, ಪಾಪ, ಪ್ರೀತಿಯಿಂದ ಬರ್ತಾರೆ. ಆದ್ರೆ ಬರೋವಾಗ ಎಳನೀರು, ಬಾಳೆಹಣ್ಣು, ಕಿತ್ತಳೆ ತರ್ತಾರೆ, ಮೂರೂ ಅಪ್ಪಂಗೆ ಕೊಡಂಗಿಲ್ಲ, ಪೊಟ್ಯಾಸಿಯಂ ಜಾಸ್ತಿ ಆಗಿ ಹೃದಯಕ್ಕೇ ತೊಂದ್ರೆ ಆಗತ್ತೆ ಅಂತ ಹೇಳಿದಾರೆ. ಅಪ್ಪ ಅದನ್ನೇ ನೋಡ್ತಾ ಕೂತಿರ್ತಾರೆ, ಮತ್ತೆ ಬೇಡ ಅನ್ನೋಳು ನಾನು. ಬಂದೋರಿಗೆ ಕಾಫಿ ಮಾಡ್ಬೇಕು, ಅರ್ಧ ಗಂಟೆ ಕೂತು ಪ್ರಾರ್ಥನೆ ಮಾಡಿ ಹೋಗ್ತಾರೆ. ಸಹಾಯ ಬೇಕು ಅಂತ ನಾನಾಗೇ ಬಾಯಿಬಿಟ್ಟು ಕೇಳಿಲ್ಲ. ಕೇಳೋಕೆ ಒಂಥರಾ ಆಗತ್ತೆ, ನಮ್ಮಪ್ಪ ಸಭೆ ಹಿರಿಯರಾಗಿದ್ದೋರು, ಯಾವಾಗ್ಲೂ ಬೇರೆಯವ್ರ ಮನೆಗೆ ಹೋಗಿ ಸಹಾಯ ಮಾಡಿದೋರು.

ನಿವೃತ್ತ_ಮೇಷ್ಟ್ರು

ಅಪ್ಪ ಹಿರಿಯರಾಗಿದ್ರೆ ಇನ್ನೂ ಸುಲಭ ಮಗಳೇ. ಅವ್ರು ಕಷ್ಟಕ್ಕಾಗಿ ಹೋದ ಮನೆಗಳವ್ರು ಇವತ್ತು ಏನ್ ಮಾಡೋದು ಅಂತ ಗೊತ್ತಿಲ್ದೆ ಎಳನೀರು ತರ್ತಿದಾರೆ. ಅವ್ರಿಗೆ ದಾರಿ ತೋರಿಸು. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿನೇ ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ, ನನ್ ಜೊತೆ ಎಚ್ಚರ ಇರಿ ಅಂತ 3 ಜನ ಶಿಷ್ಯರನ್ನ ಕೇಳ್ಕೊಂಡ. ಅವ್ರು ಮಲ್ಕೊಂಡ್ಬಿಟ್ರು, ಅದು ಬೇರೆ. ಆದ್ರೆ ಆತ ಕೇಳೋಕೆ ಸಂಕೋಚ ಪಡ್ಲಿಲ್ಲ.

ನೈಟ್‌ಡ್ಯೂಟಿ_ಸಿಸ್ಟರ್

ಅಕ್ಕ ಸಭೆಯ ವಾಟ್ಸಾಪ್ ಗ್ರೂಪಲ್ಲಿ ಹಿಂಗೇ ಹಾಕಿ, ನಾನೇ ಬರ್ದು ಕೊಡ್ತೀನಿ, ಕಾಪಿ ಮಾಡ್ಕೊಳ್ಳಿ: ಅಪ್ಪಂಗೆ ಹಣ್ಣು ಎಳನೀರು ಜ್ಯೂಸ್ ತರ್ಬೇಡಿ. ನಮ್ಗೆ ಬೇಕಾಗಿರೋದು ಶನಿವಾರ ಬೆಳಿಗ್ಗೆ ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ ಬರೋಕೆ ಇಬ್ರು, ಮತ್ತೆ ಮಂಗಳವಾರ ಗುರುವಾರ ಮಧ್ಯಾಹ್ನಕ್ಕೆ ನಮ್ಗೆ ಇಬ್ರಿಗೆ ಊಟ. ಅಪ್ಪನ ಅಡುಗೆ ಬೇರೆ, ಅದು ನಾವೇ ಮಾಡ್ತೀವಿ. ಅಷ್ಟೇ ಹಾಕಿ, ಕ್ಷಮಿಸಿ ತೊಂದ್ರೆ ಕೊಡ್ತಿದೀನಿ ಅಂತೆಲ್ಲ ಸೇರಿಸ್ಬೇಡಿ.

ಕರ್ತನ_ಸೇವೆಯಲ್ಲಿ

ಸಿಸ್ಟರ್, ಎಲ್ರೂ ಬರ್ದಿದ್ದು ಓದ್ದೆ, ಮೇಷ್ಟ್ರ ಮಾತು ಮನಸ್ಸಿಗೆ ನಾಟ್ತು. ನೀವು ಉಪವಾಸ ಮಾಡೋದು ಬೇಡ, ಹೊಟ್ಟೆ ತುಂಬ ಊಟ ಮಾಡಿ. ನಿಮ್ಮ ಪರವಾಗಿ ನಾನು ಮಾಡ್ತೀನಿ, ಈ ವಾರ ಗುರುವಾರ, ನಮ್ಮ ಪ್ರೇಯರ್ ಸೆಲ್‌ನವ್ರೂ ಸೇರ್ಕೊಳ್ತಾರೆ. ನಿಮ್ಮಪ್ಪ ಮಷೀನಲ್ಲಿರೋ 4 ಗಂಟೆ ನಾವು ಪ್ರಾರ್ಥನೇಲಿ ಇರ್ತೀವಿ. ಆ ಹೊತ್ತಲ್ಲಿ ನೀವು ಪ್ರಾರ್ಥನೆ ಮಾಡ್ಬೇಕು ಅಂತಿಲ್ಲ, ಕಾರಿಡಾರಲ್ಲಿ ಸ್ವಲ್ಪ ಕಣ್ಣು ಮುಚ್ಚಿ.

ಬಾಣಸವಾಡಿ_ಮಗಳು

ಬ್ರದರ್, ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಸ್ತೋತ್ರ.

ಮಿಲ್ಲರ್ಸ್‌ರೋಡ್_ವಿದ್ಯಾರ್ಥಿ

ಅಕ್ಕ ವಾಕ್ಯ ಕಳಿಸಿ ಅಂದಿದ್ರಲ್ಲ, ರೋಮಾ 8:26. ಹೇಗೆ ಪ್ರಾರ್ಥನೆ ಮಾಡ್ಬೇಕು ಅಂತ ನಮ್ಗೆ ಗೊತ್ತಾಗ್ದೇ ಇದ್ದಾಗ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಲ್ಲಿ ನಮ್ಗೋಸ್ಕರ ಬೇಡ್ಕೊಳ್ತಾನೆ ಅಂತ ಇದೆ. ಹೋದ ವರ್ಷ ನನ್ನ ತಂಗಿ ಐಸಿಯುನಲ್ಲಿದ್ದಾಗ ಇದನ್ನ ನಂಬ್ಕೊಂಡೇ ನಾನು ಹಾಸ್ಟೆಲಲ್ಲಿ ಮಲಗಿದ್ದು. ನಾನು ಮಲಗಿದ್ರೂ ಪ್ರಾರ್ಥನೆ ನಿಲ್ಲಲ್ಲ ಅಂತ ಗೊತ್ತಾದ್ಮೇಲೇ ನಿದ್ದೆ ಬಂದಿದ್ದು.

ಬಾಣಸವಾಡಿ_ಮಗಳು

ಎಲ್ರಿಗೂ, ಒಂದು ವಿಷ್ಯ ತಿಳಿಸೋಕೆ ಬಂದೆ. ಸಿಸ್ಟರ್ ಬರ್ದು ಕೊಟ್ಟಿದ್ದನ್ನ ಹಂಗೇ ಗ್ರೂಪಲ್ಲಿ ಹಾಕ್ದೆ, ಹಾಕೋವಾಗ ಕೈ ನಡುಗ್ತಿತ್ತು. ಪಾಸ್ಟರಮ್ಮ ತಕ್ಷಣ ಫೋನ್ ಮಾಡಿ ಯಾಕೆ ಮಗಳೇ ಇಷ್ಟು ದಿನ ಹೇಳ್ಲಿಲ್ಲ ಅಂತ ಅತ್ರು. ಯೌವನಸ್ಥರ ಸಂಘದಿಂದ ಇಬ್ರು ಹುಡುಗ್ರು ಶನಿವಾರ ಬರ್ತೀವಿ ಅಂದಿದಾರೆ, ಒಬ್ನ ಹತ್ರ ಕಾರಿದೆ. ಮಂಗಳವಾರದ ಊಟಕ್ಕೆ ಸ್ತ್ರೀಯರ ಸಂಘದವ್ರು ಸರದಿ ಹಾಕ್ಕೊಂಡಿದಾರೆ, ಗುರುವಾರಕ್ಕೆ ಇನ್ನೂ ಯಾರೂ ಇಲ್ಲ, ನೋಡೋಣ. ಡಾಕ್ಟ್ರ ಅಪಾಯಿಂಟ್‌ಮೆಂಟೂ ತಗೊಂಡೆ, ನಂಗೆ, ಅಪ್ಪಂಗಲ್ಲ.

ಒಳಗೆ ಖಾಲಿ ಇರೋದು ಇನ್ನೂ ಹಂಗೇ ಇದೆ, ಸುಳ್ಳು ಹೇಳಲ್ಲ. ಆದ್ರೆ ರಾತ್ರಿ ಅಪ್ಪನ ಪಕ್ಕ ಕೂತು ಕೀರ್ತನೆ 88 ಗಟ್ಟಿಯಾಗಿ ಓದ್ದೆ. ಅಪ್ಪ ಪೂರ್ತಿ ಕೇಳಿ, ಇದನ್ನ ಯಾರೂ ನಂಗೆ ಓದಿ ಹೇಳಿರ್ಲಿಲ್ಲ, ಇನ್ನೊಂದ್ ಸಲ ಓದು ಅಂದ್ರು.

ಸಿಸ್ಟರ್, ಆ ಹುಡುಗ್ರಿಗೆ ಅಪ್ಪನ್ನ ಹೆಂಗೆ ನೋಡ್ಕೋಬೇಕು ಅಂತ ಏನಾದ್ರೂ ಹೇಳ್ಬೇಕಾ? ಅವ್ರಿಗೆ ಇದೆಲ್ಲ ಹೊಸದು.

ನೈಟ್‌ಡ್ಯೂಟಿ_ಸಿಸ್ಟರ್

ಅಕ್ಕ ತುಂಬಾ ಖುಷಿ ಆಯ್ತು. ಅಪಾಯಿಂಟ್‌ಮೆಂಟ್ ಮಾತ್ರ ಮುಂದಕ್ಕೆ ಹಾಕ್ಬೇಡಿ.

ಹುಡುಗ್ರಿಗೆ ಹೇಳಿ, ಫಿಸ್ಟುಲಾ ಮಾಡಿರೋ ಕೈ, ಅಂದ್ರೆ ಡಯಾಲಿಸಿಸ್ ಸೂಜಿ ಹಾಕೋಕೆ ರಕ್ತನಾಳ ಜೋಡಿಸಿರೋ ಕೈ ಯಾವ್ದು ಅಂತ ಮೊದ್ಲೇ ತೋರಿಸಿ, ಆ ಕೈ ಹಿಡಿದು ಎಳೆಯೋದಾಗ್ಲಿ ಎಬ್ಬಿಸೋದಾಗ್ಲಿ ಮಾಡ್ಬಾರ್ದು, ಆ ಕೈಗೆ ಬಿಪಿ ಪಟ್ಟಿ ಕಟ್ಟೋಕೂ ಯಾರಿಗೂ ಬಿಡಬಾರ್ದು, ಬಿಗಿ ತೋಳಿನ ಶರ್ಟ್ ಹಾಕ್ಬಾರ್ದು. ಮುಗಿದ ತಕ್ಷಣ ಎದ್ದು ನಿಲ್ಲಿಸ್ಬಾರ್ದು, ಬಿಪಿ ಇಳಿದಿರತ್ತೆ, ಮೊದ್ಲು ಕಾಲು ಕೆಳಗೆ ಬಿಟ್ಟು ಸ್ವಲ್ಪ ಹೊತ್ತು ಕೂರಿಸಿ, ತಲೆ ಸುತ್ತುತ್ತಾ ಅಂತ ಕೇಳಿ, ಆಮೇಲೆ ಇನ್ನೊಂದು ಕೈ ಕಡೆ ನಿಂತು ನಿಧಾನಕ್ಕೆ ಎಬ್ಬಿಸ್ಬೇಕು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಬಂದ್ರೆ ಒತ್ತಿ ಹಿಡ್ಕೊಂಡು ಅಲ್ಲೇ ಸ್ಟಾಫನ್ನ ಕರೀಬೇಕು. ಗುರುವಾರದ ಊಟ ಈ ವಾರ ನಾನು ಡ್ಯೂಟಿ ಮುಗಿಸ್ಕೊಂಡು ಬರೋವಾಗ ತಂದ್ಕೊಡ್ತೀನಿ, ಅಡ್ರೆಸ್ ಇಲ್ಲಿ ಹಾಕ್ಬೇಡಿ, ಇನ್‌ಬಾಕ್ಸಿಗೆ ಕಳ್ಸಿ. ಅನ್ನ, ಹುರುಳಿಕಾಳು ಸಾರು, ಮೊಟ್ಟೆ ಪಲ್ಯ ಆಗತ್ತಲ್ವಾ?